ಮುಂಡಗೋಡ: ನೀರೆತ್ತ, ಬಸ್ಸೆತ್ತ

ಉತ್ತರ ಕನ್ನಡ ಅಂದಕೂಡಲೇ ಹೊಸಬರ ಕಣ್ಣ ಮುಂದೆ ಬರುವುದು ಕಡಲು, ಮೀನು. ಇಲ್ಲವೇ ಘಟ್ಟ, ಅಡಿಕೆ ತೋಟ. ಮುಂಡಗೋಡಕ್ಕೆ ಶಿಕ್ಷಕರ ನೌಕರಿಗೆಂದು ಬರುವವರು ಈ ಚಿತ್ರವನ್ನು ಸ್ವಲ್ಪ ಬದಿಗಿಡಬೇಕು. ಇದು ಜಿಲ್ಲೆಯ ಪೂರ್ವದಂಚು. ಉತ್ತರಕ್ಕೆ ಕಲಘಟಗಿ, ಪೂರ್ವಕ್ಕೆ ಶಿಗ್ಗಾವಿ ಮತ್ತು ಹಾನಗಲ್. ಅತ್ತ ಬಯಲುಸೀಮೆ ಶುರು. ಪಶ್ಚಿಮಕ್ಕೆ ಯಲ್ಲಾಪುರ, ಶಿರಸಿಯ ಕಾಡು. ನಡುವಿನ ಈ ನೆಲಕ್ಕೆ ಅರೆಮಲೆನಾಡು ಎನ್ನುತ್ತಾರೆ.

ಈ ತಾಲ್ಲೂಕನ್ನು ಅರಿಯಲು ಮೊದಲು ನೀರಿನ ದಾರಿ ಹಿಡಿಯಿರಿ. ಮಳಗಿಯ ಹತ್ತಿರ ಧರ್ಮಾ ಜಲಾಶಯವಿದೆ. ಇಲ್ಲಿಂದ ಹೊರಟ ಧರ್ಮಾ ನದಿ ವರದೆಯನ್ನು ಸೇರಿ, ತುಂಗಭದ್ರೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ತಾಲ್ಲೂಕಿನ ಇನ್ನೊಂದು ಮಗ್ಗುಲಿನ ಮಳೆನೀರು ಬೇಡ್ತಿಗೆ ಇಳಿಯುತ್ತದೆ; ಬೇಡ್ತಿ ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ತಾಲ್ಲೂಕಿನ ಮಳೆ ಎರಡು ಸಮುದ್ರಗಳ ಪಾಲು! ಧರ್ಮಾ ಅಣೆಕಟ್ಟಿನ ನೀರು ಹೆಚ್ಚಾಗಿ ಕೆಳಗಿನ ಹಾನಗಲ್ಲಿನ ಗದ್ದೆ, ಕೆರೆಗಳಿಗೆ ಹರಿಯುತ್ತದೆ ಎಂಬುದನ್ನೂ ಗಮನಿಸಿ. ಅಣೆಕಟ್ಟು ನಮ್ಮಲ್ಲಿ, ಕಾಲುವೆ ಅವರಲ್ಲಿ.

ಜನರ ಓಡಾಟ ಮಾತ್ರ ಬಹುಪಾಲು ಒಂದೇ ದಿಕ್ಕಿಗೆ. ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗೆ, ಕಡಲ ದಂಡೆಯಲ್ಲಿದೆ. ಹುಬ್ಬಳ್ಳಿಗಾದರೆ ತಡಸದ ಮೇಲೆ ಹಾಯ್ದು ಐವತ್ತು ಕಿಲೋಮೀಟರಿನ ಆಸುಪಾಸು. ದೊಡ್ಡ ಆಸ್ಪತ್ರೆ, ಮದುವೆ ಜವಳಿ, ಟ್ರ್ಯಾಕ್ಟರಿನ ಬಿಡಿಭಾಗ, ರೈಲು, ಎಲ್ಲಕ್ಕೂ ಹುಬ್ಬಳ್ಳಿಯೇ. ಸಹಿ ಕಾರವಾರದ್ದು, ಸಂತೆ ಹುಬ್ಬಳ್ಳಿಯದು. ಇಲ್ಲಿಯವರ ಮಾತಿನಲ್ಲಿ ಧಾರವಾಡದ ಸೊಗಡು ಕೇಳಿದರೆ ಅಚ್ಚರಿಪಡಬೇಡಿ.

ಹೊಲಕ್ಕೆ ಬನ್ನಿ. ಇಲ್ಲಿ ಭತ್ತವನ್ನು ನಾಟಿ ಮಾಡುವುದಕ್ಕಿಂತ ಮುಂಗಾರಿನ ಮೊದಲಲ್ಲೇ ಕೂರಿಗೆಯಿಂದ ಬಿತ್ತುವುದು ಹಳೆಯ ರೂಢಿ. ಈಚೆಗೆ ಗೋವಿನಜೋಳ ಭತ್ತದ ಜಾಗವನ್ನು ಬೇಕಾದಷ್ಟು ನುಂಗಿದೆ. ಶುಂಠಿ, ಹತ್ತಿ, ಮಾವು, ನೀರಿದ್ದಲ್ಲಿ ಅಡಿಕೆಯೂ ಉಂಟು. ಮಳೆಗಾಲ ಮುಗಿದು ಪೈರು ಬಲಿಯುವ ಹೊತ್ತಿಗೆ ದಾಂಡೇಲಿ ಕಡೆಯ ಕಾಡಿನಿಂದ ಆನೆಗಳು ಇಳಿಯುತ್ತವೆ. ಆ ದಿನಗಳಲ್ಲಿ ಕಾತೂರಿನ ಕಡೆಯ ಹುಡುಗ ತರಗತಿಯಲ್ಲಿ ತೂಕಡಿಸಿದರೆ ಬಯ್ಯುವ ಮೊದಲು ವಿಚಾರಿಸಿ; ರಾತ್ರಿ ಹೊಲ ಕಾಯಲು ಅಪ್ಪನ ಜೊತೆ ಹೋಗಿದ್ದಿರಬಹುದು.

ಕಾಡಿನ ಜನರೂ ಒಂದೇ ಬಗೆಯವರಲ್ಲ. ಎಮ್ಮೆ ಸಾಕುವ ಗೌಳಿಗರು ದಡ್ಡಿಗಳೆಂಬ ಸಣ್ಣ ಕೇರಿಗಳಲ್ಲಿ ಇದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದವರ ಸಂತತಿಯವರು ಸಿದ್ದಿಗಳು. ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ, ಬಹಳ ತಡವಾಗಿಯೇ.

ಇನ್ನು ಟಿಬೆಟನ್ ನಿರಾಶ್ರಿತರ ಕ್ಯಾಂಪ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ, ಸುಮಾರು 4,000 ಎಕರೆಯಲ್ಲಿ ಡೋಗುಲಿಂಗ್ ನೆಲೆ ಆರಂಭವಾಯಿತು. ಮೊದಲು ಬಂದವರು ಕಾಡು ಕಡಿದು ಉಳುಮೆ ಮಾಡಿದರು. ತಂಪು ನಾಡಿನಿಂದ ಬಂದವರಿಗೆ ಈ ಸೆಕೆ ಹೇಗಿದ್ದೀತು! ಲ್ಹಾಸಾದ ಬಳಿ 1409ರಲ್ಲಿ ಕಟ್ಟಿದ ಗಾಂದೆನ್, 1416ರಲ್ಲಿ ಕಟ್ಟಿದ ಡ್ರೆಪುಂಗ್ ಮಠಗಳು ಇಲ್ಲಿ ಮತ್ತೆ ನೆಲೆ ಕಂಡವು. ದಲೈ ಲಾಮಾ ಹಲವು ಬಾರಿ ಬಂದಿದ್ದಾರೆ. ಪ್ರವಾಸಿಗರು ಚಿನ್ನದ ಬಣ್ಣದ ಬುದ್ಧನನ್ನು ನೋಡಿ ಹೊರಟುಬಿಡುತ್ತಾರೆ. ನೀವು ಸಂಜೆ ಹೋಗಿ: ಅಂಗಳದಲ್ಲಿ ಎಳೆಯ ಭಿಕ್ಷುಗಳು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾರೆ, ಕುಳಿತವನು ತಡವರಿಸದೆ ಉತ್ತರಿಸಬೇಕು. ಶಿಕ್ಷಕರಾದವರು ನೋಡಲೇಬೇಕಾದ ಪಾಠ ಅದು. ಚಳಿಗಾಲದಲ್ಲಿ ಕ್ಯಾಂಪಿನ ಎಷ್ಟೋ ಕುಟುಂಬಗಳು ಸ್ವೆಟರ್ ಮಾರಲು ನಗರಗಳಿಗೆ ಹೋಗಿರುತ್ತವೆ. ಬರೀ ಬೇಸಾಯದಿಂದ ಅವರ ಸಂಸಾರವೂ ಸಾಗದು.

ನವೆಂಬರಿನಿಂದ ಮಾರ್ಚ್‌ವರೆಗೆ ಅತ್ತಿವೇರಿ ಪಕ್ಷಿಧಾಮಕ್ಕೆ ಮಕ್ಕಳನ್ನು ಕರೆದೊಯ್ಯಬಹುದು. ನೀರಾವರಿಯ ಕೆರೆಯಲ್ಲಿ ನೀರುಕಾಗೆ, ಚಮಚ ಕೊಕ್ಕಿನ ಹಕ್ಕಿಗಳು ಸಿಗುತ್ತವೆ. ಕೊನೆಗೊಂದು ಮಾತು: ಹೊರದೇಶದ ನೆಂಟರು ಬಂದು ಟಿಬೆಟನ್ ಕ್ಯಾಂಪಿನಲ್ಲಿ ಉಳಿಯುವುದಿದ್ದರೆ ಕೇಂದ್ರ ಸರ್ಕಾರದ ಪರವಾನಗಿ ಬೇಕು. ಅದಕ್ಕೆ ಮೊದಲೇ ಅರ್ಜಿ ಹಾಕಿಸಿ.