ತನ್ನ ಹೊಗೆ ತಾನೇ ಕುಡಿಯುವ ಎಂಜಿನ್

ಡೀಸೆಲ್ ಗಾಡಿ ಕಪ್ಪು ಹೊಗೆ ಬಿಟ್ಟಿತೆಂದರೆ ನಮ್ಮ ಕಡೆ ಮೊದಲು ಬೈಸಿಕೊಳ್ಳುವುದು ಇಂಜೆಕ್ಟರ್, ಆಮೇಲೆ ಬಂಕಿನವನು. ಮೂಡಿಗೆರೆ ಸೀಮೆಯ ತೋಟದಲ್ಲಿ ಓಡುವ ನಮ್ಮ ಬಿಎಸ್-4 ಜೀಪು ಏರು ಹತ್ತಲು ತಿಣುಕತೊಡಗಿದಾಗಲೂ ಹಾಗೆಯೇ ಆಯಿತು. ಒಂದು ಗ್ಯಾರೇಜಿನಲ್ಲಿ ನಾಲ್ಕೂ ಇಂಜೆಕ್ಟರ್ ಬದಲಿಸಿ ಎಂದರು, ಇನ್ನೊಂದರಲ್ಲಿ ಟರ್ಬೊ ಹೋಗಿದೆ ಎಂದರು. ಎರಡೂ ದುಬಾರಿ ಮಾತು. ಕೊನೆಗೆ ಹಳೆಯ ಮೇಸ್ತ್ರಿಯೊಬ್ಬರು ಬಾನೆಟ್ ಎತ್ತಿ, ಎಂಜಿನ್ ಸದ್ದನ್ನು ಸ್ವಲ್ಪ ಹೊತ್ತು ಕೇಳಿ, "ಉಸ್ರಾಡಕ್ಕೇ ಜಾಗ ಇಲ್ದಿದ್ರೆ ಊಟ ಬದ್ಲಾಯ್ಸಿ ಏನ್ ಮಾಡ್ತೀರ ಗೌಡ್ರೇ? ಮೊದ್ಲು ಈ ಪೈಪ್ ಬಿಚ್ಚಿ ನೋಡಾಣ" ಎಂದರು.

ಇಂಟರ್‌ಕೂಲರಿನಿಂದ ಮ್ಯಾನಿಫೋಲ್ಡಿಗೆ ಗಾಳಿ ಒಯ್ಯುವ ಪೈಪು ಅದು. ಕ್ಲಾಂಪ್ ಸಡಿಲಿಸಿ ಒಳಗೆ ಟಾರ್ಚ್ ಬಿಟ್ಟರೆ, ಗಾಳಿ ಹೋಗುವ ದಾರಿಯಲ್ಲಿ ಅರ್ಧದಷ್ಟೂ ತೆರವಿರಲಿಲ್ಲ. ಗೋಡೆಗೆಲ್ಲ ಡಾಂಬರಿನಂಥ ಕರಿ ಕಿಟ್ಟ. ಬೆರಳಿಟ್ಟರೆ ಮೇಲ್ಪದರ ಜಿಡ್ಡು, ಒಳಪದರ ಇದ್ದಿಲಿನಷ್ಟು ಗಟ್ಟಿ.

ಗಾಳಿ ಎಳೆಯುವ ದಾರಿಗೆ ಮಸಿ ಎಲ್ಲಿಂದ ಬರಬೇಕು? ಏರ್ ಫಿಲ್ಟರ್ ನೆಟ್ಟಗಿತ್ತು. ಮಸಿ ಬಂದದ್ದು ಹೊರಗಿನಿಂದಲ್ಲ. ಎಂಜಿನ್ ಒಳಗಿನ ಉರಿ ಅತಿಯಾದರೆ ಗಾಳಿಯಲ್ಲಿರುವ ನೈಟ್ರೋಜನ್ನೂ ಆಮ್ಲಜನಕವೂ ಕೂಡಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಉಸಿರಿಗೆ ಕೆಟ್ಟದ್ದು, ಬಿಸಿಲಿನಲ್ಲಿ ಓಜೋನ್ ಹುಟ್ಟಿಸುವಂಥದ್ದು. ಇದನ್ನು ತಗ್ಗಿಸಲು ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ಇಜಿಆರ್ ವಾಲ್ವ್ ತಿರುಗಿಸಿ ಮತ್ತೆ ಎಂಜಿನ್ನಿಗೇ ಉಣಿಸುತ್ತದೆ. ಆ ಹೊಗೆಯಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಉರಿಯ ಕಾವು ಇಳಿಯುತ್ತದೆ. ಇತ್ತ ಎಂಜಿನ್ನಿನ ಹೊಟ್ಟೆಯಿಂದ ಬ್ರೀದರ್ ಪೈಪಿನ ಮೂಲಕ ಆಯಿಲ್ ಆವಿಯೂ ಇದೇ ದಾರಿಗೆ ಸೇರುತ್ತದೆ. ಒಣ ಮಸಿಯೊಂದೇ ಆಗಿದ್ದರೆ ಬಹುಪಾಲು ಗಾಳಿಯೊಂದಿಗೆ ಹೋಗಿಬಿಡುತ್ತಿತ್ತೋ ಏನೋ. ಆಯಿಲ್ ಸೇರಿದ್ದರಿಂದ ಅಂಟಿ ಕೂರುತ್ತದೆ. ಎರಡೂ ಕೂಡುವ ಜಾಗದಲ್ಲೇ ಕಿಟ್ಟ ಎಲ್ಲಕ್ಕಿಂತ ದಪ್ಪ. ಡೀಸೆಲ್ ನೇರ ಸಿಲಿಂಡರಿಗೇ ಚಿಮ್ಮುವುದರಿಂದ ಈ ದಾರಿಯನ್ನು ತೊಳೆಯಲು ಒಂದು ಹನಿ ಇಂಧನವೂ ಇತ್ತ ಬರುವುದಿಲ್ಲ. ದಾರಿ ಕಿರಿದಾದಷ್ಟೂ ಗಾಳಿ ಸಾಲದೆ ಉರಿ ಕೆಡುತ್ತದೆ, ಉರಿ ಕೆಟ್ಟಷ್ಟೂ ಮಸಿ ಹೆಚ್ಚುತ್ತದೆ.

ಇಜಿಆರ್ ಹೆಚ್ಚಾಗಿ ತೆರೆದುಕೊಳ್ಳುವುದು ಹಗುರ ಭಾರದಲ್ಲಿ, ನಿಧಾನ ಓಡುವಾಗ. ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಅದು ಮುಚ್ಚಿಕೊಳ್ಳುತ್ತದೆ. ನಮ್ಮ ಜೀಪಿನ ಬದುಕೋ, ಮನೆಯಿಂದ ಕಣ, ಕಣದಿಂದ ಪೇಟೆ. ಎಂಜಿನ್ ಸರಿಯಾಗಿ ಬಿಸಿಯಾಗುವುದರೊಳಗೆ ಆಫ್. ಮಸಿ ಕೂರಲು ಇದಕ್ಕಿಂತ ಅನುಕೂಲ ಬೇಕೆ? "ಒಂದ್ಸಲ ಚಾರ್ಮಾಡಿ ಘಾಟಿ ಇಳಿದು ಹತ್ತಿಸಿ, ಎಲ್ಲ ಉದುರಿ ಹೋಗುತ್ತೆ" ಎಂದು ಸಲಹೆ ಕೊಟ್ಟವರಿಗೆ ಲೆಕ್ಕವಿಲ್ಲ. ಅರ್ಧ ನಿಜ. ಘಾಟಿಯ ದುಡಿತದಿಂದ ಸೈಲೆನ್ಸರ್ ಕಡೆಯ ಮಸಿ ಒಂದಿಷ್ಟು ಸುಟ್ಟು ಹೋದೀತು, ಹೊಸ ಮಸಿ ಕೂರುವುದೂ ತಗ್ಗೀತು. ಆದರೆ ಮಸಿ ಸುಡಲು ಸುಮಾರು 600 ಡಿಗ್ರಿ ಕಾವು ಬೇಕು. ಗಾಳಿ ಎಳೆಯುವ ಕಡೆ ಅಷ್ಟು ಕಾವು ಎಂದಿಗೂ ಏರುವುದಿಲ್ಲ. ಅಲ್ಲಿ ಕೂತದ್ದನ್ನು ಕೈಯಿಂದಲೇ ತೆಗೆಯಬೇಕು.

ಬಿಚ್ಚದೆಯೇ ತೊಳೆಯುವ ಆಸೆ ಎಲ್ಲರಿಗೂ ಇರುತ್ತದೆ. ಎಂಜಿನ್ ಓಡುತ್ತಿರುವಾಗ ಗಾಳಿಯ ದಾರಿಗೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುವ ಪದ್ಧತಿ ಪೆಟ್ರೋಲ್ ಗಾಡಿಗಳಿಂದ ಬಂದದ್ದು. ಡೀಸೆಲ್ ಎಂಜಿನ್ನಿನಲ್ಲಿ ಇದರ ಗತಿ ಏನಾಗುತ್ತದೆಂದು ಒಂದು ಗ್ಯಾರೇಜಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಹುಡುಗನೊಬ್ಬ ಧಾರಾಳವಾಗಿ ಹೊಡೆದ. ಎಂಜಿನ್ ತಾನೇ ತಾನಾಗಿ ಕಿರುಚತೊಡಗಿತು. ಕೀ ತಿರುಗಿಸಿದರೂ ನಿಲ್ಲಲಿಲ್ಲ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಕೀ ತೆಗೆದರೆ ಕಿಡಿ ಸತ್ತು ಅದು ನಿಲ್ಲುತ್ತದೆ. ಡೀಸೆಲ್ ಎಂಜಿನ್ ಗಾಳಿಯನ್ನು ಒತ್ತಿದ ಕಾವಿನಲ್ಲೇ ಉರಿಸಿಕೊಳ್ಳುವಂಥದ್ದು. ಉರಿಯುವ ಸರಕು ಗಾಳಿಯ ಜೊತೆಗೇ ಬಂದರೆ ಇಂಜೆಕ್ಟರಿನ ಹಂಗೇ ಬೇಡ. ಅಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಳಗೆ ಹಾರಿ, ಟಾಪ್ ಗೇರ್ ಹಾಕಿ, ಬ್ರೇಕ್ ಅದುಮಿಟ್ಟು ಕ್ಲಚ್ ಬಿಟ್ಟ. ಒದರಿಕೊಂಡು ನಿಂತಿತು. ಆಟೊಮ್ಯಾಟಿಕ್ ಗೇರಿನ ಗಾಡಿಗೆ ಆ ದಾರಿಯೂ ಇಲ್ಲ, ಗಾಳಿಯ ಬಾಯಿಯನ್ನೇ ಮುಚ್ಚಬೇಕು. ಸ್ಪ್ರೇಗೆ ದೊಡ್ಡ ಹೆಂಟೆಯೊಂದು ಸಡಿಲಾಗಿ ವಾಲ್ವಿಗೆ ಸಿಕ್ಕಿಕೊಂಡರೆ ಅದು ಬೇರೆಯೇ ಕಥೆ.

ನಾವು ಬಿಚ್ಚಿಯೇ ತೊಳೆದೆವು. ಎಂಜಿನ್ ಪೂರ್ತಿ ತಣಿದ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ, ಪ್ರತಿ ಪೈಪು, ವೈರಿನ ಫೋಟೊ ತೆಗೆದಿಟ್ಟುಕೊಂಡೆವು. ಇಜಿಆರ್ ಕೂಲರಿಗೆ ಕೂಲಂಟ್ ಪೈಪು ಇದ್ದದ್ದರಿಂದ ಕೂಲಂಟನ್ನು ಮೊದಲೇ ಬಸಿದೆವು. ಮ್ಯಾನಿಫೋಲ್ಡ್ ಕೈಗೆ ಬಂದ ಕೂಡಲೇ ಮೇಸ್ತ್ರಿ ಮಾಡಿದ ಮೊದಲ ಕೆಲಸ ಎಂಜಿನ್ ಹೆಡ್ಡಿನ ತೂತುಗಳಿಗೆ ಬಟ್ಟೆ ತುರುಕಿದ್ದು. ಯಾವುದಾದರೊಂದು ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ, ಒಂದು ನಟ್ ಜಾರಿ ಬಿದ್ದರೂ ಹೆಡ್ ಇಳಿಸುವ ಕೆಲಸ.

ನಮ್ಮ ಮ್ಯಾನಿಫೋಲ್ಡ್ ಅಲ್ಯೂಮಿನಿಯಂ. ಕೆರೆಯಲು ಸ್ಕ್ರೂಡ್ರೈವರ್ ಎತ್ತಿಕೊಂಡವನ ಕೈಯಿಂದ ಮೇಸ್ತ್ರಿ ಅದನ್ನು ಕಿತ್ತುಕೊಂಡರು. ಗ್ಯಾಸ್ಕೆಟ್ ಕೂರುವ ಮುಖದಲ್ಲಿ ಒಂದು ಗೀರು ಬಿದ್ದರೆ ಗಾಳಿ ಸೋರುತ್ತದೆ. ಬಿದಿರಿನ ಸೀಳನ್ನು ಚಪ್ಪಟೆ ಮಾಡಿ ಕೆರೆದೆವು. ಹಳೆಯ ಗ್ಯಾರೇಜುಗಳಲ್ಲಿ ಕಾಸ್ಟಿಕ್ ಸೋಡಾ ನೀರಿನ ತೊಟ್ಟಿ ಇರುತ್ತದೆ, ಕಬ್ಬಿಣದ ಸಾಮಾನಿಗೆ ಅದು ಸರಿ. ಅಲ್ಯೂಮಿನಿಯಂ ಅದ್ದಿದರೆ ಗುಳ್ಳೆ ಎದ್ದು ಲೋಹವೇ ತಿಂದು ಹೋಗುತ್ತದೆ. ಒಂದು ರಾತ್ರಿ ಡೀಸೆಲಿನಲ್ಲಿ ನೆನೆಹಾಕಿ, ಬಾಟಲಿ ತೊಳೆಯುವ ಬ್ರಷ್ಷಿನಿಂದ ತಿಕ್ಕಿ, ಸೋಪಿನ ಪುಡಿ ಹಾಕಿದ ಬಿಸಿನೀರಿನಲ್ಲಿ ತೊಳೆದು, ಕಂಪ್ರೆಸರ್ ಗಾಳಿಯಲ್ಲಿ ಒಣಗಿಸಿದ್ದಾಯಿತು. ಇಷ್ಟಕ್ಕೆ ದುಬಾರಿ ಕೆಮಿಕಲ್ ಬೇಡ, ತಾಳ್ಮೆ ಬೇಕು. ಇಜಿಆರ್ ವಾಲ್ವಿನ ಮೋಟಾರ್ ಇರುವ ಭಾಗ ಮಾತ್ರ ಯಾವುದರಲ್ಲೂ ಮುಳುಗಬಾರದು. ಬೂಸ್ಟ್ ಸೆನ್ಸರಿಗೆ ಬ್ರಷ್ ತಾಗಿಸದೆ ಎಲೆಕ್ಟ್ರಿಕಲ್ ಕ್ಲೀನರ್ ಹೊಡೆದು ಆರಲು ಬಿಟ್ಟೆವು.

ಕೈಗವಸು, ಮಾಸ್ಕ್ ಹಾಕಿಕೊಂಡದ್ದಕ್ಕೆ ಗ್ಯಾರೇಜಿನ ಹುಡುಗರು ನಕ್ಕರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಆ ಹುಡುಗರು ದಿನಾ ಬರಿಗೈಯಲ್ಲಿ ಆ ಹೊಗೆಯ ಮಸಿಯನ್ನು ಮುಟ್ಟುತ್ತಾರೆ. ನಗುವುದು ಯಾರು ಯಾರನ್ನು ನೋಡಿ?

ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಸುತ್ತು ಸುತ್ತಾಗಿ ಬಿಗಿದೆವು. ಸ್ಕ್ಯಾನರ್ ಹಾಕಿ ಹಳೆಯ ಎರರ್ ಅಳಿಸಿದ ಮೇಲೆ ಗಾಡಿ ತೋಟದ ಏರನ್ನು ಮೊದಲಿನ ಹಾಗೆ ಹತ್ತಿತು. ಕಪ್ಪು ಹೊಗೆಯೂ ಹೋಯಿತು. ಮೈಲೇಜ್ ಎಗರಿಬಿಡುತ್ತದೆ ಎನ್ನುವವರನ್ನು ನಂಬಬೇಡಿ, ನನಗಂತೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

"ಇಷ್ಟೆಲ್ಲ ಯಾಕೆ, ಇಜಿಆರಿಗೆ ಒಂದು ತಗಡಿನ ಪ್ಲೇಟ್ ಹಾಕಿ ಮುಚ್ಚಿಸಿಬಿಡಿ" ಎಂದ ಪಕ್ಕದ ತೋಟದವರು ತಮ್ಮ ಗಾಡಿಗೆ ಹಾಗೇ ಮಾಡಿಸಿದ್ದಾರೆ. ಮಸಿ ಕೂರುವುದು ತಗ್ಗುತ್ತದೆ, ಸುಳ್ಳಲ್ಲ. ಬದಲಿಗೆ ಯಾವುದನ್ನು ತಡೆಯಲು ಆ ವಾಲ್ವ್ ಇದೆಯೋ ಆ ನೈಟ್ರೋಜನ್ ಆಕ್ಸೈಡ್ ಏರುತ್ತದೆ. ಕಾನೂನಿಗೂ ವಿರುದ್ಧ. ಆದರೆ ಪೇಟೆಯ ಎಮಿಷನ್ ಟೆಸ್ಟಿನಲ್ಲಿ ಡೀಸೆಲ್ ಗಾಡಿಗೆ ಅಳೆಯುವುದು ಹೊಗೆಯ ದಟ್ಟಣೆಯನ್ನಷ್ಟೇ, ಕಣ್ಣಿಗೆ ಕಾಣದ ಈ ಅನಿಲವನ್ನಲ್ಲ. ಹಾಗಾಗಿ ಪ್ಲೇಟ್ ಹಾಕಿದ ಗಾಡಿಗೆ ಸರ್ಟಿಫಿಕೇಟ್ ಸಲೀಸಾಗಿ ಸಿಗುತ್ತದೆ. ಮಸಿ ಕಟ್ಟಿದ್ದ ದಿನಗಳಲ್ಲಿ ನಮ್ಮ ಜೀಪು, ವಾಲ್ವ್ ಇಟ್ಟುಕೊಂಡ ಪಾಪಕ್ಕೆ, ಅದೇ ಟೆಸ್ಟಿನಲ್ಲಿ ಫೇಲಾಗಿತ್ತು.