ಜ್ವರ ಬರುವ ಮೊದಲೇ ಜಿಪಿ ಬಳಿ ಹೆಸರು ಬರೆಸಿ

ಓದಲೋ ದುಡಿಯಲೋ ಇಂಗ್ಲೆಂಡಿಗೆ ಹೊರಟವರೇ, ಮನೆ ಸಿಕ್ಕ ವಾರವೇ ಹತ್ತಿರದ ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್ಕಿನಲ್ಲಿ ಹೆಸರು ನೋಂದಾಯಿಸಿ. ಇದಕ್ಕೆ ದುಡ್ಡಿಲ್ಲ; ವಿಳಾಸದ ದಾಖಲೆ ಇಲ್ಲವೆಂದು ನಿರಾಕರಿಸುವಂತೆಯೂ ಇಲ್ಲ. ನಮ್ಮೂರಿನ ಹಾಗೆ ನೇರವಾಗಿ ತಜ್ಞರ ಬಳಿ ಹೋಗಲು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಸಾಮಾನ್ಯವಾಗಿ ಆಗದು, ಜಿಪಿಯೇ ಬರೆದು ಕಳಿಸಬೇಕು. "ಪ್ಯಾರಾಸಿಟಮಾಲ್ ತಗೊಳ್ಳಿ" ಅಂದರೆಂದು ಬೇಸರಿಸಿ ಸುಮ್ಮನಾಗಬೇಡಿ. ನೋವು ಎಷ್ಟು ದಿನದಿಂದ, ರಾತ್ರಿ ನಿದ್ದೆ ಕೆಡಿಸುತ್ತದೆಯೇ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ; ವೈದ್ಯರ ಹತ್ತು ನಿಮಿಷದಲ್ಲಿ ಅದೇ ನೆರವಿಗೆ ಬರುವುದು. ಅವಸರದ ಸಲಹೆಗೆ 111ಕ್ಕೆ, ಪ್ರಾಣಕ್ಕೆ ಕುತ್ತೆನಿಸಿದರೆ 999ಕ್ಕೆ ಕರೆ ಮಾಡಿ. ನಿಮ್ಮಲ್ಲಿ ಹೆಚ್ಚಿನವರು ವೀಸಾ ಜೊತೆ ಆರೋಗ್ಯ ಶುಲ್ಕ ಕಟ್ಟಿಯೇ ಬಂದಿರುತ್ತೀರಿ, ಸಂಕೋಚ ಬೇಡ.

ಜೊತೆಗಿರುವ ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ನೀವೇ ಅನುವಾದಿಸುವ ಬದಲು ದುಭಾಷಿಯನ್ನು ಕೇಳಿ, ಉಚಿತ. ಮಗನ ಮುಂದೆ ಹೇಳಲಾಗದ ತೊಂದರೆಗಳು ತಾಯಂದಿರಿಗಿರುತ್ತವೆ. ಆದರೆ ವಿಸಿಟರ್ ವೀಸಾದಲ್ಲಿ ಬರುವ ಹೆತ್ತವರಿಗೆ ವಿಮೆ ಮಾಡಿಸಿಯೇ ಕರೆಸಿಕೊಳ್ಳಿ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಬಿಲ್ಲು ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು.