ಚಳಿಗಾಲದ ಬಿಸಿಲಿಗೆ ಅಡಿಕೆ ಕಾಂಡ ಸುಡೋದ್ಯಾಕೆ? ಉತ್ತರ ಭೂಮಿಯ ಓರೆಯಲ್ಲಿದೆ



ನಿಮ್ಮ ಅಡಿಕೆ ತೋಟದ ಪಶ್ಚಿಮದ ಅಂಚಿಗೆ ಹೋಗಿ ಎಳೆ ಮರಗಳ ಕಾಂಡ ಒಮ್ಮೆ ನೋಡಿ. ಒಂದೇ ಮಗ್ಗುಲಲ್ಲಿ ಹಳದಿ ಮಚ್ಚೆ ಕಾಣ್ತಿದ್ಯಾ? ಅದು ಬಿಸಿಲಿನ ಸುಟ್ಟಗಾಯ ಇರಬಹುದು. ಹಾಗಿದ್ರೆ ಔಷಧಿ ಹೊಡೆದು ಪ್ರಯೋಜನ ಇಲ್ಲ. ಮಚ್ಚೆ ಕಂದು ಬಣ್ಣಕ್ಕೆ ತಿರುಗಿ ಸೀಳು ಬಿಡುತ್ತೆ, ಸೀಳಿನೊಳಗೆ ಶಿಲೀಂಧ್ರ, ಹುಳ ಸೇರಿಕೊಳ್ಳುತ್ತವೆ. ಫಸಲು ಕೊಡೋ ವಯಸ್ಸಿಗೆ ಬಂದ ಮರ ಜೋರು ಗಾಳಿಗೆ ಅಲ್ಲೇ ಮುರಿದು ಬೀಳುತ್ತೆ. ವರ್ಷಗಟ್ಟಲೆ ಸಾಕಿದ್ದು ಒಂದೇ ದಿನಕ್ಕೆ ಹೋಯ್ತು.

ಇದು ಏಪ್ರಿಲ್‌ನ ಉರಿಬಿಸಿಲಿನ ಕೆಲಸ ಅಂತ ಹಲವರು ತಿಳಿದಿದ್ದಾರೆ. ಆದ್ರೆ ಕಾಂಡಕ್ಕೆ ನೇರವಾಗಿ ಹೊಡೆಯೋದು ಮಳೆ ನಿಂತ ಮೇಲಿನ ಬಿಸಿಲು. ಯಾಕೆ ಅಂತ ತಿಳಿಯೋಕೆ ಭೂಮಿ ಹೇಗೆ ತಿರುಗುತ್ತೆ ಅಂತ ನೋಡೋಣ.

ಹಗಲು, ವರ್ಷ, ಋತು

ಭೂಮಿ ತನ್ನ ಸುತ್ತ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತೆ. ಅದಕ್ಕೇ ಸೂರ್ಯ ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗಿದ ಹಾಗೆ ಕಾಣುತ್ತೆ. ಇದು ಒಂದು ದಿನ. ಸೂರ್ಯನ ಸುತ್ತ ಒಂದು ಸುತ್ತು ಬರೋಕೆ 365 ದಿನ ಮತ್ತು ಹತ್ತಿರಹತ್ತಿರ 6 ಗಂಟೆ ಬೇಕು. ಇದು ಒಂದು ವರ್ಷ.

ಋತು ಮಾತ್ರ ಇವೆರಡರಿಂದ ಬರೋದಲ್ಲ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ಓರೆಯಾಗಿದೆ. ಸುತ್ತುವಾಗ ಆ ಓರೆ ಒಂದೇ ದಿಕ್ಕಿಗೆ ಇರುತ್ತೆ. ಹಾಗಾಗಿ ಜೂನ್‌ನಲ್ಲಿ ನಮ್ಮ ಉತ್ತರಾರ್ಧ ಗೋಳ ಸೂರ್ಯನ ಕಡೆ ವಾಲಿದ್ರೆ, ಡಿಸೆಂಬರ್‌ನಲ್ಲಿ ಆಚೆ ವಾಲಿರುತ್ತೆ.

“ಸೂರ್ಯ ದೂರ ಹೋದಾಗ ಚಳಿಗಾಲ” ಅನ್ನೋದು ತಪ್ಪು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರೋದು ಜನವರಿ ಮೊದಲ ವಾರದಲ್ಲೇ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈನಲ್ಲಿ ಅದು 15.2 ಕೋಟಿ. ಋತು ಬದಲಿಸೋದು ದೂರ ಅಲ್ಲ, ಓರೆ.

ನಮ್ಮ ತೋಟದಲ್ಲಿ ಲೆಕ್ಕ ಹೇಗೆ?

ಶಿವಮೊಗ್ಗ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರ್ತಾನೆ. ಆಗ ಬಿಸಿಲು ಸೋಗೆ ಮೇಲೆ ಬೀಳುತ್ತೆ, ಕಾಂಡಕ್ಕೆ ತಲೆಯೇ ಕೊಡೆ. ಜೂನ್ 21ರ ಹೊತ್ತಿಗೆ ಸೂರ್ಯ ಸ್ವಲ್ಪ ಉತ್ತರಕ್ಕೆ ಹೋಗಿರ್ತಾನೆ, ಹಗಲು 13 ಗಂಟೆಗೆ ಹತ್ತಿರ. ಆದ್ರೆ ಆಗ ಮುಂಗಾರಿನ ಮೋಡ ಇರುತ್ತೆ.

ಡಿಸೆಂಬರ್ 21ಕ್ಕೆ ಹಗಲು 11 ಗಂಟೆ 20 ನಿಮಿಷದಷ್ಟು. ಮಧ್ಯಾಹ್ನ ಕೂಡ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ಒಂದು ಮೀಟರ್ ಕೋಲು ನೆಟ್ರೆ ಉತ್ತರಕ್ಕೆ ಸುಮಾರು 76 ಸೆಂಟಿಮೀಟರ್ ನೆರಳು ಬೀಳುತ್ತೆ. ಮೂರು ಗಂಟೆಗೆ ಸೂರ್ಯ ನೈಋತ್ಯಕ್ಕೆ ಇಳಿದು, ಬಿಸಿಲು ಸೋಗೆಯ ಕೆಳಗಿಂದ ನುಗ್ಗಿ ನೇರ ಕಾಂಡಕ್ಕೆ ಹೊಡೆಯುತ್ತೆ. ಆಕಾಶದಲ್ಲಿ ಮೋಡ ಇರಲ್ಲ. ಬೆಳಿಗ್ಗೆ ಆಗ್ನೇಯದಿಂದಲೂ ಹೀಗೇ ಬಿಸಿಲು ಬೀಳುತ್ತೆ, ಆದ್ರೆ ಆಗ ಗಾಳಿ ತಂಪು, ಇಬ್ಬನಿ ಬೇರೆ. ಮಧ್ಯಾಹ್ನದ ಹೊತ್ತಿಗೆ ಗಾಳಿಯೂ ಕಾದಿರುತ್ತೆ. ಅದಕ್ಕೇ ಗಾಯ ಹೆಚ್ಚಾಗಿ ನೈಋತ್ಯದ ಮಗ್ಗುಲಲ್ಲೇ ಆಗೋದು.

ಏನು ಮಾಡಬೇಕು?

1. ಹೊಸ ತೋಟ ಹಾಕೋರು: ಉತ್ತರ-ದಕ್ಷಿಣದ ಸಾಲನ್ನು 35 ಡಿಗ್ರಿ ನೈಋತ್ಯಕ್ಕೆ ತಿರುಗಿಸಿ ಗುರುತು ಹಾಕಿ. ಆಗ ಒಂದು ಮರದ ನೆರಳು ಹಿಂದಿನ ಮರದ ಕಾಂಡಕ್ಕೆ ಸಿಗುತ್ತೆ. ಫೋನಿನ ಕಂಪಾಸ್ ತೆರೆದು, ಉತ್ತರದ ತುದಿಯಲ್ಲಿ ನಿಂತು, 215 ಡಿಗ್ರಿ ತೋರಿಸೋ ದಿಕ್ಕಿಗೆ ಹಗ್ಗ ಎಳೆಯಿರಿ. ಮೊದಲು ಫೋನನ್ನು ಗಾಳಿಯಲ್ಲಿ 8ರ ಆಕಾರದಲ್ಲಿ ಆಡಿಸಿ. ಪಂಪ್‌ಸೆಟ್, ಕಬ್ಬಿಣದ ಕಂಬದಿಂದ ದೂರ ನಿಲ್ಲಿ, ಇಲ್ಲಾಂದ್ರೆ ದಿಕ್ಕು ತಪ್ಪುತ್ತೆ.

2. ಈಗಾಗಲೇ ತೋಟ ಇರೋರು: ದಕ್ಷಿಣ ಮತ್ತು ಪಶ್ಚಿಮದ ಅಂಚಿನ ಮರಗಳ ಕಾಂಡಕ್ಕೆ ಅಡಿಕೆ ಸೋಗೆ ಅಥವಾ ಹಾಳೆ ಕಟ್ಟಿ, ಇಲ್ಲವೇ ಸುಣ್ಣ ಬಳಿಯಿರಿ. ಮಳೆ ಬಿಡುತ್ತಿದ್ದಂತೆ ಈ ಕೆಲಸ ಮುಗಿಸಿ.

3. ಆ ಎರಡು ಬದಿಗೆ ಬೇಗ ಎತ್ತರಕ್ಕೆ ಹೋಗೋ ನೆರಳಿನ ಮರ ಹಾಕಿ. ಎಳೆ ತೋಟದ ಒಳಗೆ ಬಾಳೆ ಒಳ್ಳೇ ನೆರಳು.

4. ಪಶ್ಚಿಮದ ಬೇಲಿಯ ಮರ ಮಾರೋ ಮೊದಲು ಯೋಚಿಸಿ. ಅಷ್ಟು ವರ್ಷ ನೆರಳಲ್ಲಿ ಬೆಳೆದ ಕಾಂಡಕ್ಕೆ ಒಮ್ಮೆಲೇ ಬಿಸಿಲು ಬಿದ್ರೆ ತಡೆಯಲ್ಲ. ಕಡೀಲೇಬೇಕು ಅಂದ್ರೆ ಮೊದಲು ಕಾಂಡಕ್ಕೆ ಸೋಗೆ ಕಟ್ಟಿ, ಆಮೇಲೆ ಕೊಡಲಿ ಎತ್ತಿ.

ಈ ವಾರದ ಕೆಲಸ

ತೋಟದ ಬಯಲಲ್ಲಿ ಒಂದು ಮೀಟರ್ ಕೋಲು ನೇರವಾಗಿ ನೆಡಿ. ಮಧ್ಯಾಹ್ನ ಹನ್ನೆರಡೂವರೆಗೆ ಮತ್ತು ಮೂರಕ್ಕೆ ನೆರಳಿನ ಫೋಟೋ ತೆಗೀರಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಇದನ್ನೇ ಮಾಡಿ. ವರ್ಷ ಕಳೆಯೋ ಹೊತ್ತಿಗೆ ಬಿಸಿಲು ಯಾವ ತಿಂಗಳು ಯಾವ ಕಡೆಯಿಂದ ಬರುತ್ತೆ ಅನ್ನೋ ನಿಮ್ಮದೇ ತೋಟದ ಲೆಕ್ಕ ಫೋನಿನಲ್ಲಿ ಇರುತ್ತೆ. ಸೋಗೆ ಎಲ್ಲಿ ಕಟ್ಟಬೇಕು, ನೆರಳಿನ ಮರ ಎಲ್ಲಿ ನೆಡಬೇಕು ಅಂತ ಆಮೇಲೆ ಯಾರನ್ನೂ ಕೇಳಬೇಕಿಲ್ಲ.